ಜಪಾನಿನ ನಿಯತ್ತು, ಮೂಡಿಗೆರೆಯ ಮುಂಗಡ

ಕಾಫಿ ಹಣ್ಣಾಗುವ ಹೊತ್ತಿಗೆ ಮೂಡಿಗೆರೆ, ಸಕಲೇಶಪುರ, ಆಲೂರು ಕಡೆಯ ಬೆಳೆಗಾರರು ನಾಲ್ಕು ಜನ ಸೇರಿದಲ್ಲೆಲ್ಲ ಮಾತು ಒಂದೇ ಕಡೆ ಹೊರಳುತ್ತದೆ. ಆಳು ಸಿಗುವುದಿಲ್ಲ, ಸಿಕ್ಕವರು ನಿಲ್ಲುವುದಿಲ್ಲ, ಮುಂಗಡ ಇಸ್ಕೊಂಡವರು ಪಕ್ಕದ ತೋಟದಲ್ಲಿ ಕೆಜಿಗೆ ಒಂದು ರೂಪಾಯಿ ಜಾಸ್ತಿ ಅಂದ ಕೂಡಲೇ ರಾತ್ರೋರಾತ್ರಿ ತೋಟದವರು ಕೊಟ್ಟ ಲೈನ್ ಮನೆ ಖಾಲಿ ಮಾಡುತ್ತಾರೆ. ಹಾಸನದ ಗಾರ್ಮೆಂಟ್ಸ್‌ನವರ ದೂರೂ ಇದೇ: ಹೆಣ್ಣುಮಕ್ಕಳಿಗೆ ಮೆಷಿನ್ ಕಲಿಸಿ ಕೈ ಕುದುರುವಷ್ಟರಲ್ಲಿ ಅವರು ಬೇರೆ ಕಡೆ ಸೇರಿರುತ್ತಾರೆ. ಬೆಂಗಳೂರಿನ ಐಟಿ ಕಂಪನಿಗಳ ಎಚ್‌ಆರ್‌ ವಿಭಾಗದವರನ್ನು ಕೇಳಿದರೂ ಇದೇ ರಾಗ. ಕೊನೆಗೆ ಎಲ್ಲರೂ ಬಂದು ಮುಟ್ಟುವ ತೀರ್ಮಾನ ಒಂದೇ. ನಮ್ಮ ಜನಕ್ಕೆ ನಿಯತ್ತಿಲ್ಲ, ಜಪಾನಿನವರನ್ನು ನೋಡಿ ಕಲಿಯಬೇಕು.

ಈ ತೀರ್ಮಾನ ತಪ್ಪು. ಬೇರೆ ಬೇರೆ ದೇಶಗಳ ನೌಕರರು ತಮ್ಮ ಸಂಸ್ಥೆಗೆ ಎಷ್ಟು ಅಂಟಿಕೊಂಡಿರುತ್ತಾರೆ ಎಂದು ಸಂಶೋಧಕರು ದಶಕಗಳಿಂದ ಅಳೆಯುತ್ತಾ ಬಂದಿದ್ದಾರೆ. ಆ ಅಳತೆಗಳನ್ನು ಹತ್ತಿರದಿಂದ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನಿಯತ್ತು ಹುಟ್ಟುಗುಣವಲ್ಲ. ಇಲ್ಲಿದ್ದರೆ ಏನು ಸಿಗುತ್ತದೆ, ಬಿಟ್ಟುಹೋದರೆ ಏನು ಕಳೆಯುತ್ತದೆ, ಬಾಯಿ ಬಿಟ್ಟು ಹೇಳಿದರೆ ಕೇಳುವವರು ಯಾರಾದರೂ ಇದ್ದಾರಾ ಎಂಬ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರದಿಂದ ಅದು ಬೆಳೆಯುತ್ತದೆ ಇಲ್ಲವೇ ಸೊರಗುತ್ತದೆ. ಹಾಸನದ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತಾ, ನನ್ನ ವಿದ್ಯಾರ್ಥಿಗಳು ತೋಟದ ಆಫೀಸಿಗೂ ಗಾರ್ಮೆಂಟ್ಸಿಗೂ ಬೆಂಗಳೂರಿಗೂ ಕೆಲಸಕ್ಕೆ ಸೇರುವುದನ್ನು ನೋಡುತ್ತಾ ಬಂದವನು ನಾನು. ಅವರನ್ನು ನಿಯತ್ತಿಲ್ಲದವರು ಎಂದು ಯಾರಾದರೂ ಅಂದಾಗ ನನಗೆ ನೋವಾಗುತ್ತದೆ.

ಮೊದಲು ಅಳತೆಯ ಮಾತು. 1979ರಲ್ಲಿ ಅಮೆರಿಕದ ಮೌಡೇ, ಸ್ಟಿಯರ್ಸ್ ಮತ್ತು ಪೋರ್ಟರ್ ಎಂಬ ಸಂಶೋಧಕರು 15 ವಾಕ್ಯಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಸ್ನೇಹಿತರ ಮುಂದೆ ನನ್ನ ಸಂಸ್ಥೆಯನ್ನು ಹೊಗಳುತ್ತೇನೆ, ಇಲ್ಲೇ ಉಳಿಯಬೇಕೆಂದರೆ ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ ಎಂಬಂಥ ವಾಕ್ಯಗಳು. ಓದಿ, ಎಷ್ಟು ಒಪ್ಪುತ್ತೀರಿ ಎಂದು 7 ಹಂತದಲ್ಲಿ ಗುರುತು ಹಾಕಬೇಕು. ಮುಂದೆ 1991ರಲ್ಲಿ ಕೆನಡಾದ ಮೆಯರ್ ಮತ್ತು ಆ್ಯಲನ್ ನಿಯತ್ತು ಒಂದೇ ಎಳೆಯಲ್ಲ, ಮೂರು ಎಳೆ ಎಂದರು. ಒಂದು, ಮನಸ್ಸು ಕೂಡಿ ಉಳಿಯುವುದು. ಎರಡು, ಋಣಕ್ಕೆ ಉಳಿಯುವುದು. ಉಂಡ ಮನೆಗೆ ಎರಡೆಣಿಸಬಾರದು ಅನ್ನುತ್ತೇವಲ್ಲ, ಅದು. ಮೂರು, ಲೆಕ್ಕ ಹಾಕಿ ಉಳಿಯುವುದು. ಬಿಟ್ಟರೆ ನಷ್ಟ, ಬೇರೆ ದಾರಿಯಿಲ್ಲ, ಅದಕ್ಕೇ ಇದ್ದೇನೆ ಅನ್ನುವುದು.

ಮೂರೂ ಎಳೆಗಳು ಒಂದೇ ತೋಟದಲ್ಲಿ ಸಿಗುತ್ತವೆ. ಸಕಲೇಶಪುರದ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಜೊತೆ ಒಂದು ಸಂಜೆ ಕೂತಿದ್ದೆ. ಹಣ್ಣು ಕುಯ್ದು ಬಂದವರು ಮೂಟೆ ಇಳಿಸಿ ತೂಕಕ್ಕೆ ಸಾಲು ನಿಂತಿದ್ದರು. ರೈಟರ್ ಒಬ್ಬೊಬ್ಬರ ಹೆಸರು ಕೂಗಿ ಕೆಜಿ ಬರೆದುಕೊಳ್ಳುತ್ತಿದ್ದರು, ಹಣ್ಣಾಗದ ಕಾಯಿ ಜಾಸ್ತಿ ಬಂದ ಮೂಟೆಯ ಲೆಕ್ಕದಲ್ಲಿ ಮುರಿದುಕೊಳ್ಳುತ್ತಿದ್ದರು. ಒಬ್ಬ ಹೆಂಗಸು ತಕ್ಕಡಿಯ ಮುಳ್ಳನ್ನು ನೋಡಲು ಬಗ್ಗಿದಾಗ ಮೇಸ್ತ್ರಿ ಗದರಿದ. ಸಾಲು ಕರಗಿದ ಮೇಲೆ ರೈಟರ್ ಹೇಳಿದರು: "ನೋಡಿ ಮೇಷ್ಟ್ರೇ, ಹಳೇ ಆಳುಗಳು ಧಣಿ ಮುಖ ನೋಡಿ ಇರ್ತಿದ್ರು. ಮಗಳ ಮದುವೆಗೆ ಅಕ್ಕಿ ಮೂಟೆ ಹೋಗ್ತಿತ್ತು, ಹೆರಿಗೆ ಅಂದ್ರೆ ಜೀಪು ಹೋಗ್ತಿತ್ತು. ಈಗಿನೋರು ರೇಟು ನೋಡಿ ಬರ್ತಾರೆ, ರೇಟು ನೋಡಿ ಹೋಗ್ತಾರೆ." ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಆ ಮಾತಿನ ಇನ್ನೊಂದು ಮುಖವೂ ಇದೆ. ಅಕ್ಕಿ ಮೂಟೆ, ಜೀಪು ಎರಡೂ ನಿಂತುಹೋಗಿ, ಉಳಿದದ್ದು ರೇಟು ಮಾತ್ರ ಆದಾಗ, ಬಂದವರು ರೇಟನ್ನಲ್ಲದೆ ಇನ್ನೇನನ್ನು ನೋಡಬೇಕು? ಈಗ ಕೊಯ್ಲಿಗೆ ಅಸ್ಸಾಂ, ಜಾರ್ಖಂಡ್, ಬಿಹಾರದಿಂದ ಬರುವವರಿಗೆ ಈ ಧಣಿಯ ಅಪ್ಪ ಯಾರೋ, ಅಜ್ಜ ಯಾರೋ. ಮುಂಗಡ ಕೊಟ್ಟವನು ಮೇಸ್ತ್ರಿ, ಕರೆತಂದವನು ಮೇಸ್ತ್ರಿ, ಜಗಳವಾದರೆ ತೀರ್ಪು ಹೇಳುವವನೂ ಮೇಸ್ತ್ರಿ. ಅವರ ಸಂಬಂಧ ತೋಟದ ಜೊತೆ ಶುರುವಾಗುವುದೇ ಇಲ್ಲ.

ಹಳೆಯ ಕಾಲದ ನಿಯತ್ತನ್ನು ನೆನೆದು ಮರುಗುವ ಮೊದಲು ಅದರಲ್ಲಿ ಎಷ್ಟು ಪಾಲು ಪ್ರೀತಿ, ಎಷ್ಟು ಪಾಲು ದಿಕ್ಕಿಲ್ಲದ ಸ್ಥಿತಿ ಎಂದೂ ಕೇಳಿಕೊಳ್ಳಬೇಕು. ಲೈನ್ ಮನೆಯಲ್ಲಿ ಹುಟ್ಟಿ ಅಲ್ಲೇ ಬೆಳೆದವರಿಗೆ ಸ್ವಂತ ಜಾಗವಿರಲಿಲ್ಲ. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕಿತ್ತು. ಮುಂಗಡ ತೀರದೆ ಹೋಗುವಂತಿರಲಿಲ್ಲ. ಮೆಯರ್ ಮತ್ತು ಆ್ಯಲನ್ ಅವರ ಲೆಕ್ಕದಲ್ಲಿ ಇದು ಮೂರನೆಯ ಎಳೆ. ಆ ಎಳೆ ಮನುಷ್ಯನನ್ನು ಹಿಡಿದಿಡುತ್ತದೆ, ಆದರೆ ಕೆಲಸವನ್ನು ಚೆಂದ ಮಾಡಿಸುವುದಿಲ್ಲ. 2002ರಲ್ಲಿ ಮೆಯರ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮನಸ್ಸು ಕೂಡಿ ಉಳಿದವರ ಕೆಲಸ, ಹಾಜರಿ ಎರಡೂ ಚೆನ್ನಾಗಿದ್ದವು. ಬೇರೆ ದಾರಿಯಿಲ್ಲದೆ ಉಳಿದವರ ಕೆಲಸದ ಗುಣಕ್ಕೂ ಅವರು ಉಳಿದದ್ದಕ್ಕೂ ನಂಟೇ ಇರಲಿಲ್ಲ, ಇದ್ದಲ್ಲೂ ಅದು ಕೆಳಮುಖವಾಗಿತ್ತು.

ಇನ್ನು ದೇಶ ದೇಶಗಳ ಹೋಲಿಕೆ. ಅದೇ ಮೆಯರ್ ತಂಡ 2012ರಲ್ಲಿ 54 ದೇಶಗಳ ಅಧ್ಯಯನಗಳನ್ನು ಜೋಡಿಸಿತು. ದೇಶದ ಸಂಸ್ಕೃತಿಯ ಜೊತೆ ಎಲ್ಲಕ್ಕಿಂತ ಹೆಚ್ಚಾಗಿ ಏರಿಳಿದದ್ದು ಎರಡನೆಯ ಎಳೆ, ಋಣದ್ದು. ಮನೆತನ, ಬಳಗ, ಹಿರಿಯರ ಮಾತು ಎಂದು ಬದುಕುವ ಸಮಾಜಗಳಲ್ಲಿ ಅದು ಹೆಚ್ಚು. ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಅನ್ನ ಕೊಟ್ಟವರನ್ನು ಬಿಟ್ಟುಹೋಗುವಾಗ ಮುಖ ತಪ್ಪಿಸಿ ಓಡಾಡುವುದು ನಮ್ಮಲ್ಲಿ ಈಗಲೂ ಇದೆ. ಬೆಂಗಳೂರಿನಲ್ಲಿ ಬೇರೆ ಕೆಲಸ ಸಿಕ್ಕಿದ್ದನ್ನು ಹಾಸನದ ಅಂಗಡಿ ಮಾಲೀಕರಿಗೆ ಹೇಳಲಾಗದೆ ತಾತ ತೀರಿಕೊಂಡರು ಎಂದು ಹೇಳಿ ಹೋದ ಹುಡುಗನೊಬ್ಬ ನನಗೆ ಗೊತ್ತು.

ಆದರೆ ಸಂಸ್ಕೃತಿಯ ಮಾತನ್ನು ಇಷ್ಟಕ್ಕೇ ನಿಲ್ಲಿಸಬೇಕು. ನೆದರ್‌ಲೆಂಡ್ಸ್‌ನ ಗೀರ್ಟ್ ಹಾಫ್‌ಸ್ಟೆಡ್ 1967ರಿಂದ 1973ರವರೆಗೆ ಐಬಿಎಂ ನೌಕರರಿಂದ ತುಂಬಿಸಿದ 1,16,000 ಪ್ರಶ್ನಾವಳಿಗಳ ಆಧಾರದ ಮೇಲೆ ದೇಶಗಳಿಗೆ ಅಂಕ ಕೊಟ್ಟರು. ಮ್ಯಾನೇಜ್‌ಮೆಂಟ್ ಓದಿದವರೆಲ್ಲ ಆ ಅಂಕಗಳನ್ನು ಬಾಯಿಪಾಠ ಮಾಡಿರುತ್ತಾರೆ. ಮೇಲಿನವರಿಗೂ ಕೆಳಗಿನವರಿಗೂ ಇರುವ ಅಂತರವನ್ನು ಜನ ಎಷ್ಟು ಒಪ್ಪಿಕೊಂಡಿದ್ದಾರೆ ಎಂಬುದರಲ್ಲಿ ಭಾರತಕ್ಕೆ 77, ಡೆನ್ಮಾರ್ಕ್‌ಗೆ 18. 2005ರಲ್ಲಿ ಗೆರ್‌ಹಾರ್ಟ್ ಮತ್ತು ಫಾಂಗ್ ಎಂಬ ಸಂಶೋಧಕರು ಆ ಲೆಕ್ಕವನ್ನು ಮತ್ತೆ ಕೆದಕಿ ತೋರಿಸಿದ್ದು ಇಷ್ಟು: ಒಬ್ಬ ನೌಕರನಿಗೂ ಇನ್ನೊಬ್ಬ ನೌಕರನಿಗೂ ಇರುವ ಮೌಲ್ಯಗಳ ವ್ಯತ್ಯಾಸದಲ್ಲಿ ಅವರ ದೇಶ ಯಾವುದೆಂಬುದರ ಪಾಲು ಶೇ 2ರಿಂದ 4 ಮಾತ್ರ. ಉಳಿದದ್ದೆಲ್ಲ ಒಂದೇ ದೇಶದೊಳಗಿನ ವ್ಯತ್ಯಾಸ. ಹಾಸನದ ಇಬ್ಬರ ನಡುವಿನ ಅಂತರ, ಹಾಸನಕ್ಕೂ ಹ್ಯಾಂಬರ್ಗ್‌ಗೂ ಇರುವ ಅಂತರಕ್ಕಿಂತ ದೊಡ್ಡದಿರಬಹುದು.

ಈಗ ಜಪಾನಿಗೆ ಬರೋಣ. ಭಾಷಣಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಜಪಾನಿನ ಕಾರ್ಮಿಕ ಎಂದರೆ ಮುಷ್ಕರ ಮಾಡುವ ಬದಲು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಇನ್ನಷ್ಟು ದುಡಿಯುವವನು. ಜೇಮ್ಸ್ ಲಿಂಕನ್ ಮತ್ತು ಆರ್ನೆ ಕ್ಯಾಲೆಬರ್ಗ್ ಎಂಬ ಸಂಶೋಧಕರು 1980ರ ದಶಕದ ಆರಂಭದಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ಸುತ್ತಲಿನ ಮತ್ತು ಜಪಾನಿನ ಅತ್ಸುಗಿ ಸುತ್ತಲಿನ ಕಾರ್ಖಾನೆಗಳಲ್ಲಿ 8,000ಕ್ಕೂ ಹೆಚ್ಚು ಜನರನ್ನು ಒಂದೇ ಪ್ರಶ್ನೆಗಳಿಂದ ಮಾತಾಡಿಸಿದರು. ಜಪಾನೀಯರ ನಿಷ್ಠೆಯ ಅಂಕ ಅಮೆರಿಕನ್ನರಿಗಿಂತ ಮೇಲೇನೂ ಇರಲಿಲ್ಲ. ಕೆಲಸದಲ್ಲಿನ ತೃಪ್ತಿಯಂತೂ ಕಡಿಮೆಯೇ ಇತ್ತು. ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆಯ 2024ರ ವರದಿಯಲ್ಲಿ ತಮ್ಮ ಕೆಲಸದಲ್ಲಿ ಮನಸ್ಸಿಟ್ಟು ತೊಡಗಿದವರ ಪ್ರಮಾಣ ಜಗತ್ತಿನಲ್ಲಿ ಶೇ 23, ಅಮೆರಿಕ-ಕೆನಡಾದಲ್ಲಿ ಶೇ 33, ದಕ್ಷಿಣ ಏಷ್ಯಾದಲ್ಲಿ ಶೇ 26, ಜಪಾನಿನಲ್ಲಿ ಶೇ 6. ಮನಸ್ಸಿಟ್ಟು ತೊಡಗುವುದು ಬೇರೆ, ಸಂಸ್ಥೆಗೆ ಅಂಟಿಕೊಳ್ಳುವುದು ಬೇರೆ ಎಂಬುದು ನಿಜ. ಆದರೂ ನಾವು ಹಾರ ಹಾಕಿ ಕೂರಿಸಿದ ಜಪಾನಿನ ಚಿತ್ರ ಈ ಅಂಕಗಳ ಮುಂದೆ ನಿಲ್ಲುವುದಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಪ್ರಶ್ನಾವಳಿಗೆ ಉತ್ತರಿಸುವ ರೀತಿಯೂ ಊರಿಂದೂರಿಗೆ ಬೇರೆ. ಜಪಾನೀಯರು ತುದಿಯ ಗುರುತುಗಳನ್ನು ಬಿಟ್ಟು ನಡುವಿನದ್ದನ್ನು ಹಾಕುವುದು ಜಾಸ್ತಿ, ಅಮೆರಿಕನ್ನರು ತುದಿಯದನ್ನೇ ಹಾಕುವುದು ಜಾಸ್ತಿ ಎಂದು ಅಧ್ಯಯನಗಳು ತೋರಿಸಿವೆ. ನಮ್ಮಲ್ಲಿ ಇನ್ನೊಂದು ತೊಡಕು. ತೋಟದ ಆಫೀಸಿನ ಕಟ್ಟೆಯ ಮೇಲೆ ಕೂರಿಸಿ, ರೈಟರ್ ಎದುರಿಗೇ, ಇಲ್ಲಿ ನಿಮಗೆ ಹೇಗಿದೆ ಎಂದು ಕೇಳಿದರೆ ಯಾವ ಹೆಂಗಸು ತಾನೇ ಚೆನ್ನಾಗಿಲ್ಲ ಅಂದಾಳು? ಚೆನ್ನಾಗೈತೆ ಸಾರ್ ಎಂದು ಎದ್ದು ಹೋಗುತ್ತಾಳೆ, ವರದಿಯಲ್ಲಿ ಭಾರತದ ಅಂಕ ಏರುತ್ತದೆ. ಹೀಗಾಗಿ ದೇಶಗಳ ಪಟ್ಟಿಯಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಲಿಂಕನ್ ಮತ್ತು ಕ್ಯಾಲೆಬರ್ಗ್ ಅವರ ಇನ್ನೊಂದು ಫಲಿತಾಂಶಕ್ಕೆ ಬೆಲೆ ಕೊಡುತ್ತೇನೆ: ಕಾರ್ಮಿಕರ ಮಾತಿಗೆ ಜಾಗವಿದ್ದ, ಸವಲತ್ತು ಚೆನ್ನಾಗಿದ್ದ, ಒಳಗಿನವರೇ ಮೇಲೇರಲು ಅವಕಾಶವಿದ್ದ ಕಾರ್ಖಾನೆಗಳಲ್ಲಿ ನಿಷ್ಠೆ ಹೆಚ್ಚಿತ್ತು, ಎರಡೂ ದೇಶಗಳಲ್ಲಿ. ಅಂಥ ಏರ್ಪಾಡುಗಳು ಜಪಾನಿನಲ್ಲಿ ಹೆಚ್ಚು ಕಡೆ ಇದ್ದವು, ಅಷ್ಟೆ.

ಆ ಏರ್ಪಾಡುಗಳು ಎಲ್ಲಿಂದ ಬಂದವು? ಸಮುರಾಯ್‌ಗಳ ಕಾಲದಿಂದ ಎಂದು ಹೇಳುವವರಿದ್ದಾರೆ. ಆದರೆ ಯುದ್ಧ ಸೋತ ನಂತರದ ಜಪಾನ್ ಮುಷ್ಕರಗಳ ದೇಶವಾಗಿತ್ತು. 1950ರಲ್ಲಿ ಟೊಯೊಟಾದಲ್ಲಿ ಕೆಲಸದಿಂದ ತೆಗೆಯುವ ವಿಷಯಕ್ಕೆ ದೊಡ್ಡ ಗಲಾಟೆಯಾಗಿ, ಸಂಸ್ಥಾಪಕ ಕೀಚಿರೊ ಟೊಯೊಡಾ ಹೊಣೆ ಹೊತ್ತು ಅಧ್ಯಕ್ಷ ಸ್ಥಾನ ಬಿಟ್ಟರು. 1953ರಲ್ಲಿ ನಿಸ್ಸಾನ್‌ನಲ್ಲಿ ತಿಂಗಳುಗಟ್ಟಲೆ ಸಂಘರ್ಷ. 1960ರಲ್ಲಿ ಮಿಯಿಕೆ ಕಲ್ಲಿದ್ದಲು ಗಣಿಯ ಮುಷ್ಕರ ಇಡೀ ದೇಶವನ್ನು ಎರಡು ಬಣ ಮಾಡಿತು. ಇಷ್ಟೆಲ್ಲ ನೋವಿನ ನಂತರ ದೊಡ್ಡ ಕಂಪನಿಗಳು ಒಂದು ಒಪ್ಪಂದಕ್ಕೆ ಬಂದವು: ನಿವೃತ್ತಿಯವರೆಗೆ ಕೆಲಸ, ಸರ್ವಿಸ್ ಆದಷ್ಟೂ ಏರುವ ಸಂಬಳ, ಪ್ರತಿಯಾಗಿ ಕಂಪನಿಯೊಳಗಿನ ಸಂಘದ ಸಹಕಾರ. ಕೊಟ್ಟ ಮಾತು ದಶಕಗಳ ಕಾಲ ಉಳಿದದ್ದರಿಂದ ನಿಯತ್ತು ಹುಟ್ಟಿತು. ಇವತ್ತು ಅಲ್ಲೂ ಅದು ಸಡಿಲಾಗುತ್ತಿದೆ. ನೌಕರರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನ ಕಾಯಂ ಅಲ್ಲದವರು. ಜೀವಮಾನದ ಕೆಲಸವನ್ನು ಇನ್ನು ಮುಂದೆ ಉಳಿಸಿಕೊಳ್ಳುವುದು ಕಷ್ಟ ಎಂದು 2019ರಲ್ಲಿ ಟೊಯೊಟಾದ ಅಕಿಯೊ ಟೊಯೊಡಾ ಅವರೇ ಹೇಳಿದರು. ದುಡಿದು ದುಡಿದೇ ಸಾಯುವವರ ಸಂಖ್ಯೆ ಚಿಂತೆಗೆ ಕಾರಣವಾಗಿ, ಅದನ್ನು ತಡೆಯಲೆಂದೇ 2014ರಲ್ಲಿ ಕಾನೂನು ಮಾಡಬೇಕಾಯಿತು ಎಂಬುದನ್ನೂ ಭಾಷಣಕಾರರು ಹೇಳಬೇಕು.

ಅದೇ ಟೊಯೊಟಾ ನಮ್ಮ ಬಿಡದಿಯಲ್ಲಿದೆ. 2020ರ ನವೆಂಬರ್‌ನಲ್ಲಿ ಒಬ್ಬ ನೌಕರನ ಅಮಾನತಿನಿಂದ ಶುರುವಾದದ್ದು ಧರಣಿ, ಲಾಕೌಟ್ ಆಗಿ, ರಾಜ್ಯ ಸರ್ಕಾರ ಮಧ್ಯೆ ಬಂದರೂ ಮುಂದಿನ ವರ್ಷದವರೆಗೆ ಎಳೆಯಿತು. ಕಂಪನಿಯ ಹೆಸರು ಒಂದೇ ಎಂದ ಮಾತ್ರಕ್ಕೆ ಎಪ್ಪತ್ತು ವರ್ಷದ ಒಪ್ಪಂದವೂ ಹಡಗಿನಲ್ಲಿ ಬರುವುದಿಲ್ಲ.

ಬೇರೆ ದೇಶಗಳನ್ನು ಇದೇ ಕಣ್ಣಿಂದ ನೋಡಬಹುದು. ಅಮೆರಿಕದಲ್ಲಿ, ಮೊಂಟಾನಾ ಒಂದನ್ನು ಬಿಟ್ಟು, ಮಾಲೀಕ ಕಾರಣ ಹೇಳದೆ ಕೆಲಸದಿಂದ ತೆಗೆಯಬಹುದು, ನೌಕರನೂ ಹಾಗೇ ಎದ್ದು ಹೋಗಬಹುದು. 2024ರ ಜನವರಿಯಲ್ಲಿ ಅಲ್ಲಿನ ಸಾಧಾರಣ ನೌಕರ ಈಗಿನ ಕೆಲಸದಲ್ಲಿ ಇದ್ದ ಅವಧಿ 3.9 ವರ್ಷ. ಹಾಗಿದ್ದೂ ಅಲ್ಲಿ ಎಷ್ಟೋ ಜನ ಬೇಡವಾದ ಕೆಲಸಕ್ಕೆ ಅಂಟಿಕೊಂಡಿರುವುದು ಆರೋಗ್ಯ ವಿಮೆ ಕಂಪನಿಯ ಕೈಯಲ್ಲಿರುವುದರಿಂದ. ಮಗುವಿನ ಔಷಧಿಗಾಗಿ ಕೆಲಸ ಬಿಡಲಾಗದವನನ್ನು ನಿಯತ್ತಿನವನು ಎಂದು ಹೇಗೆ ಕರೆಯುವುದು? ಡೆನ್ಮಾರ್ಕ್‌ನಲ್ಲೂ ತೆಗೆಯುವುದು ಸುಲಭ. ಆದರೆ ನಿರುದ್ಯೋಗ ವಿಮೆ ಮಾಡಿಸಿದ್ದು ಕೆಲಸ ಹೋದವರಿಗೆ ಎರಡು ವರ್ಷದವರೆಗೆ ಭತ್ಯೆ ಇದೆ, ಕಡಿಮೆ ಸಂಬಳದವರಿಗೆ ಅದು ಹಳೆಯ ಸಂಬಳದ ಶೇ 90ರಷ್ಟಾಗುತ್ತದೆ, ಹೊಸ ಕೆಲಸ ಕಲಿಸುವ ವ್ಯವಸ್ಥೆಯೂ ಇದೆ. ಅಲ್ಲಿ ಉಳಿದವರು ಉಳಿಯಬೇಕೆಂದೇ ಉಳಿದವರು.

ಜರ್ಮನಿಯ ದಾರಿ ನನಗೆ ಹೆಚ್ಚು ಹಿಡಿಸುತ್ತದೆ, ಕಾರಣ ಅಲ್ಲಿ ಮೂರನೆಯ ಪ್ರಶ್ನೆಗೆ, ಅಂದರೆ ಬಾಯಿಬಿಟ್ಟರೆ ಕೇಳುವವರಿದ್ದಾರಾ ಎಂಬುದಕ್ಕೆ, ಕಾನೂನೇ ಉತ್ತರ ಕೊಟ್ಟಿದೆ. ಐದು ಜನ ಕಾಯಂ ಕೆಲಸಗಾರರಿದ್ದರೂ ಸಾಕು, ಅವರು ತಮ್ಮ ಮಂಡಳಿಯೊಂದನ್ನು ಆರಿಸಿಕೊಳ್ಳಬಹುದು. ಪಾಳಿಯ ಸಮಯ, ಓವರ್‌ಟೈಮ್, ಕ್ಯಾಮೆರಾ ಹಾಕುವುದು ಮುಂತಾದ ವಿಷಯಗಳಲ್ಲಿ ಮಾಲೀಕ ಆ ಮಂಡಳಿಯನ್ನು ಒಪ್ಪಿಸಿಯೇ ಮುಂದುವರಿಯಬೇಕು. 1976ರ ಕಾನೂನಿನ ಪ್ರಕಾರ 2,000ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧದಷ್ಟು ಕುರ್ಚಿ ನೌಕರರ ಪ್ರತಿನಿಧಿಗಳದ್ದು. ಅಮೆರಿಕದ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲೇ ಇದರ ಸೂತ್ರ ಹೇಳಿದ್ದರು. ಬೇಸರವಾದ ಮನುಷ್ಯನಿಗೆ ಇರುವುದು ಎರಡೇ ದಾರಿ: ಬಿಟ್ಟುಹೋಗುವುದು ಇಲ್ಲವೇ ಇದ್ದು ದನಿ ಎತ್ತುವುದು. ದನಿಗೆ ಬೆಲೆಯಿದ್ದ ಕಡೆ ಜನ ಇರುತ್ತಾರೆ. ದನಿಯ ದಾರಿ ಮುಚ್ಚಿದ ಕಡೆ ಹೋಗುತ್ತಾರೆ.

ನಮ್ಮಲ್ಲಿ ಏನು ಮಾಡುತ್ತೇವೆ? ದನಿಯ ದಾರಿಯನ್ನು ತೆರೆಯುವ ಬದಲು ಹೋಗುವ ಬಾಗಿಲಿಗೆ ಬೀಗ ಹಾಕುತ್ತೇವೆ. ಹಾಸನದ ಎಂಜಿನಿಯರಿಂಗ್ ಕಾಲೇಜಿನಿಂದ ಬೆಂಗಳೂರಿಗೆ ಹೋದ ಹುಡುಗರ ಕಥೆ ಕೇಳಿ. ಸೇರುವಾಗಲೇ ಇಷ್ಟು ವರ್ಷ ಬಿಡುವುದಿಲ್ಲ ಎಂಬ ಬಾಂಡ್. ಬಿಡುವಾಗ ಅನೇಕ ಕಡೆ 90 ದಿನಗಳ ನೋಟಿಸ್. ಅಷ್ಟು ದಿನ ಕಾಯಲು ಹೊಸ ಕಂಪನಿ ಒಪ್ಪದು, ಮೊದಲೇ ಹೋದರೆ ಹಳೆಯದು ರಿಲೀವಿಂಗ್ ಲೆಟರ್ ಕೊಡದು. ನನ್ನ ವಿದ್ಯಾರ್ಥಿನಿಯೊಬ್ಬಳ ಮಾರ್ಕ್ಸ್‌ಕಾರ್ಡ್‌ನ ಮೂಲ ಪ್ರತಿಯನ್ನೇ ಕಂಪನಿಯೊಂದು ಇಟ್ಟುಕೊಂಡಿತ್ತು. ಅಪ್ಪನನ್ನು ಕರೆದುಕೊಂಡು ಹೋಗಿ ರಿಸೆಪ್ಷನ್‌ನಲ್ಲಿ ಮಧ್ಯಾಹ್ನದವರೆಗೆ ಕೂತು ಬಿಡಿಸಿಕೊಂಡು ಬಂದಳು. ಬಾಂಡ್ ಕರಾರುಗಳಿಗೆ ಕೋರ್ಟಿನ ಒಪ್ಪಿಗೆಯೂ ಸಿಕ್ಕಿದೆ. ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನೇಮಕಾತಿಗೆ ಬ್ಯಾಂಕು ಖರ್ಚು ಮಾಡಿರುತ್ತದೆ ಎಂಬ ವಾದದಲ್ಲಿ ತಿರುಳಿದೆ. ಆದರೆ ಬೀಗದಿಂದ ಸಿಗುವುದು ಮೂರನೆಯ ಎಳೆ ಮಾತ್ರ.

ಕೆಲವೊಮ್ಮೆ ಬಿಟ್ಟುಹೋಗುವುದೇ ಹಣ ಪಡೆಯುವ ಏಕೈಕ ದಾರಿಯಾಗಿರುತ್ತದೆ. ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು ಯಾಕೆ ಕೆಲಸ ಬಿಡುತ್ತಾರೆ ಎಂದು ಕೇಳುವವರು 2016ರ ಏಪ್ರಿಲ್ ನೆನಪಿಸಿಕೊಳ್ಳಬೇಕು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿದಾಗ ಬೆಂಗಳೂರಿನಲ್ಲಿ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಬಹುಪಾಲು ಹೆಂಗಸರು, ಯಾವ ದೊಡ್ಡ ನಾಯಕರೂ ಇಲ್ಲದೆ ರಸ್ತೆಗಿಳಿದರು. ಎರಡೇ ದಿನದಲ್ಲಿ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಆ ಹಣ ಅವರಿಗೆ ಮುಪ್ಪಿನ ಗಂಟಲ್ಲ. ಮಗಳ ಕಾಲೇಜು ಫೀಸು, ಗಂಡನ ಆಪರೇಷನ್, ಸಂಘದ ಸಾಲ. ರಾಜೀನಾಮೆ ಕೊಟ್ಟು ಪಿಎಫ್ ಬಿಡಿಸಿಕೊಂಡು, ಸ್ವಲ್ಪ ದಿನ ಬಿಟ್ಟು ಪಕ್ಕದ ಕಾರ್ಖಾನೆಗೆ ಸೇರುತ್ತಾರೆ. 1972ರ ಕಾಯ್ದೆಯ ಕಾಲದಿಂದಲೂ ಗ್ರಾಚ್ಯುಟಿ ಸಿಗಬೇಕಾದರೆ ಕಾಯಂ ನೌಕರರು ಒಂದೇ ಕಡೆ ಐದು ವರ್ಷ ತುಂಬಬೇಕು. ಅದನ್ನು ಕಳೆದುಕೊಳ್ಳುತ್ತೇವೆಂದು ಗೊತ್ತಿದ್ದೇ ಬಿಡುತ್ತಾರೆ. ಗಂಟೆಗಿಷ್ಟು ಪೀಸ್ ಎಂದು ಬೋರ್ಡಿನಲ್ಲಿ ಬರೆದ ಟಾರ್ಗೆಟ್ ಮುಟ್ಟದಿದ್ದಾಗ ಬೀಳುವ ಬೈಗುಳವೂ ಆ ಲೆಕ್ಕದಲ್ಲಿ ಸೇರಿರುತ್ತದೆ. ಕಚೇರಿಯ ರಿಜಿಸ್ಟರ್‌ನಲ್ಲಿ ಮಾತ್ರ ಅದು ಒಂದೇ ಮಾತು: ವೈಯಕ್ತಿಕ ಕಾರಣ.

ನಮ್ಮ ಜನ ಸಂಸ್ಥೆಯನ್ನು ಪ್ರೀತಿಸಲಾರರು ಎಂದು ಯಾರಾದರೂ ಹೇಳಿದರೆ ನಾನು ಕುದುರೆಮುಖದ ಹೆಸರು ಹೇಳುತ್ತೇನೆ. 1976ರಲ್ಲಿ ಶುರುವಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಚಿಕ್ಕಮಗಳೂರು ಜಿಲ್ಲೆಯ ಆ ಮಳೆಕಾಡಿನಲ್ಲಿ ಒಂದು ಊರನ್ನೇ ಕಟ್ಟಿತು. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ ಎಲ್ಲ ಅಲ್ಲೇ. ಅದಿರಿನ ರಾಡಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಭದ್ರೆಯ ಮೂಲಕ್ಕೂ ಆ ಕಾಡಿಗೂ ಅದು ಆಗಲೇಬೇಕಾದ ಕೆಲಸ ಎಂದೇ ನಾನು ತಿಳಿದಿದ್ದೇನೆ. ಆದರೆ ಅಲ್ಲಿ ದುಡಿದವರ ಜೊತೆ ಮಾತಾಡಿ ನೋಡಿ. ನಿವೃತ್ತರಾಗಿ ಚಿಕ್ಕಮಗಳೂರಿನಲ್ಲೋ ಮಂಗಳೂರಿನಲ್ಲೋ ನೆಲೆಸಿದವರು ಇವತ್ತಿಗೂ 'ನಮ್ಮ ಕಂಪನಿ' ಅನ್ನುತ್ತಾರೆ. ಯಾಕೆ ಎಂದು ಕೇಳಿದರೆ ಸಂಬಳದ ಮಾತು ಬರುವುದಿಲ್ಲ. ಆಯುಧಪೂಜೆಯ ದಿನ ದೊಡ್ಡ ದೊಡ್ಡ ಲಾರಿಗಳಿಗೆ ಹೂವು ಕಟ್ಟಿದ್ದು, ವಾರಗಟ್ಟಲೆ ಬಿಡದ ಮಳೆಯಲ್ಲಿ ಅಕ್ಕಪಕ್ಕದ ಮನೆಯವರು ಒಲೆಯ ಮುಂದೆ ಸೇರುತ್ತಿದ್ದದ್ದು, ಆಪರೇಟರ್ ಮಗನೂ ಆಫೀಸರ್ ಮಗಳೂ ಒಂದೇ ಬೆಂಚಿನಲ್ಲಿ ಕೂತು ಓದಿದ್ದು ಹೇಳುತ್ತಾರೆ. ಕೆಲಸದ ಭದ್ರತೆ, ಮಕ್ಕಳ ಓದು, ಮೇಲೇರುವ ದಾರಿ, ಸಂಘದ ದನಿ ಎಲ್ಲವೂ ಒಟ್ಟಿಗಿದ್ದ ಕಡೆ ಅದೇ ಕನ್ನಡದ ಜನ ಮೂವತ್ತು ವರ್ಷ ಮನಸ್ಸು ಕೊಟ್ಟು ದುಡಿದರು.

ಎಲ್ಲ ತೋಟದವರೂ ಟೌನ್‌ಶಿಪ್ ಕಟ್ಟಲಿ ಎಂದು ನಾನು ಹೇಳುತ್ತಿಲ್ಲ. ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರ್‌ಗಿಂತ ಚಿಕ್ಕವು. ಬೆಳೆಗಾರರೇ ಸಾಲದಲ್ಲಿರುವ ವರ್ಷಗಳಿವೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಮನೆ, ಆಸ್ಪತ್ರೆ, ಕೂಸುಗಳ ಮನೆ ಎಲ್ಲವನ್ನೂ ಹೇಳಿತ್ತು, ಆದರೆ ಅದು ಅನ್ವಯವಾಗುತ್ತಿದ್ದದ್ದು 5 ಹೆಕ್ಟೇರ್ ಮತ್ತು 15 ಕಾರ್ಮಿಕರಿಂದ ಮೇಲಿನ ತೋಟಗಳಿಗೆ ಮಾತ್ರ. ಆದರೆ 2025ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿ ಪೌಂಡಿಗೆ 4 ಡಾಲರ್ ದಾಟಿ ದಾಖಲೆ ಬರೆದಾಗ, ಆ ಏರಿಕೆಯ ಎಷ್ಟು ಪಾಲು ಕುಯ್ಯುವ ಕೈಗಳಿಗೆ ತಲುಪಿತು ಎಂಬ ಪ್ರಶ್ನೆಯನ್ನು ನಿಯತ್ತಿನ ಮಾತಾಡುವವರು ತಮಗೆ ತಾವೇ ಕೇಳಿಕೊಳ್ಳಬೇಕು. ನಷ್ಟದ ವರ್ಷ ರೇಟು ಇಳಿಸಿದವರು ಲಾಭದ ವರ್ಷ ಏರಿಸದೆ ಹೋದರೆ ಅದೂ ಮಾತಿಗೆ ತಪ್ಪಿದಂತೆಯೇ.

ಈಗ ಕಾನೂನು ಬದಲಾಗಿರುವುದರಿಂದ ಕೆಲವು ಬಾಗಿಲುಗಳು ತೆರೆದಿವೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ಪ್ಲಾಂಟೇಶನ್ ಕಾಯ್ದೆಯೂ ಅವುಗಳಲ್ಲಿ ಸೇರಿಹೋಗಿದೆ. ನಿಗದಿತ ಅವಧಿಗೆ ಸೇರಿದವರಿಗೆ ಐದು ವರ್ಷ ಕಾಯದೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಲೆಕ್ಕ ಸಿಗುತ್ತದೆ. ಮಾಲೀಕರ ಸಂಘಗಳು ಇದನ್ನು ಹೊರೆ ಅನ್ನುತ್ತಿವೆ. ಒಂದೇ ವರ್ಷಕ್ಕೆ ಕರಾರು ಮುಗಿಸುವ ಚಾಳಿ ಹೆಚ್ಚೀತು ಎಂಬ ಕಾರ್ಮಿಕರ ಭಯಕ್ಕೂ ಆಧಾರವಿದೆ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. 20 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಪ್ರತಿ ಕೈಗಾರಿಕಾ ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರಲ್ಲಿ ಮಾಲೀಕರ ಕಡೆಯವರು, ಕಾರ್ಮಿಕರ ಕಡೆಯವರು ಸಮಸಮ, ಒಟ್ಟು ಹತ್ತು ಜನ ಮೀರಬಾರದು. ಅಧ್ಯಕ್ಷ ಸ್ಥಾನ ವರ್ಷಕ್ಕೊಮ್ಮೆ ಆ ಕಡೆಗೆ, ಈ ಕಡೆಗೆ. ಹೆಂಗಸರಿಗೆ ಅವರ ಸಂಖ್ಯೆಗೆ ತಕ್ಕ ಜಾಗ. ಬಂದ ದೂರನ್ನು 30 ದಿನಗಳಲ್ಲಿ ಮುಗಿಸಬೇಕು. ಜರ್ಮನಿಯ ಮಂಡಳಿಗೆ ಇರುವ ಅಧಿಕಾರ ಇದಕ್ಕಿಲ್ಲ, ಆದರೂ ದನಿಗೆ ಕಾನೂನು ಕೊಟ್ಟ ಕುರ್ಚಿ ಇದು.

ಇಂಥ ಸಮಿತಿಗಳು ನಮ್ಮಲ್ಲಿ ಸಾಮಾನ್ಯವಾಗಿ ಕಾಗದದ ಮೇಲೆ ಹುಟ್ಟಿ ಕಾಗದದ ಮೇಲೇ ಸಾಯುತ್ತವೆ. ಸೂಪರ್‌ವೈಸರ್ ಹೇಳಿದ ಹೆಸರನ್ನೇ ಕಾರ್ಮಿಕರ ಪ್ರತಿನಿಧಿ ಎಂದು ಬರೆದುಬಿಡುತ್ತಾರೆ. ಹಾಸನದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಲೈನಿನಿಂದಲೇ ಆರಿಸಿದ ಹೆಣ್ಣುಮಕ್ಕಳು ಅಲ್ಲಿ ಕೂರಬೇಕು. ಕಾರ್ಮಿಕ ಇಲಾಖೆಯ ಜಿಲ್ಲಾ ಕಚೇರಿ ಆ ಆಯ್ಕೆ ನಡೆದದ್ದನ್ನು ಕಾಗದದಲ್ಲಲ್ಲ, ಕಾರ್ಖಾನೆಗೆ ಹೋಗಿ ನೋಡಬೇಕು. ದೊಡ್ಡ ಎಸ್ಟೇಟುಗಳಲ್ಲಿ ಅಸ್ಸಾಂನಿಂದ ಬಂದವರಿಗೂ ಒಂದು ಕುರ್ಚಿ ಇರಬೇಕು, ಅವರ ಭಾಷೆ ಬಲ್ಲವರೊಬ್ಬರು ಜೊತೆಗಿರಬೇಕು, ಮೇಸ್ತ್ರಿ ಅಲ್ಲದವರು. ಸಮಿತಿ ಇಲ್ಲದ ಸಣ್ಣ ತೋಟದವರು ಮೂರು ಕೆಲಸ ಮಾಡಬಹುದು, ಖರ್ಚೇನೂ ಇಲ್ಲ: ಸೀಸನ್ ಶುರುವಾಗುವ ಮೊದಲೇ ಕೆಜಿ ರೇಟನ್ನೂ ಕಾಯಿಗೆ ಎಷ್ಟು ಮುರಿಯುತ್ತೇವೆಂಬುದನ್ನೂ ಬರೆದು ಹಾಕುವುದು, ದಿನದ ತೂಕದ ಚೀಟಿಯನ್ನು ಕುಯ್ದವರ ಕೈಗೇ ಕೊಡುವುದು, ಮುಂಗಡದ ಲೆಕ್ಕವನ್ನು ಮೇಸ್ತ್ರಿಯ ಪುಸ್ತಕದಿಂದ ತೋಟದ ಪುಸ್ತಕಕ್ಕೆ ತರುವುದು.